ಅಮ್ಮನ ದನಿ ಇದ್ದ ಫೋನು

ಅತ್-ಬಾಶಿ
ಮಾರ್ಚ್ ೧೪

ಎಲ್ದಿಯಾರನ ಅಪ್ಪನಿಗೆ ಕನಿಶಾಯ್ ಮಾಡುವ ಸಲಾಮು.

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ನೀವು ದುಡಿಯುವ ನೊವೊಸಿಬಿರ್ಸ್ಕ್‌ನಲ್ಲಿ ಹಿಮ ಇನ್ನೂ ಕರಗಿಲ್ಲವಂತೆ. ಪಕ್ಕದ ಮನೆಯ ಸೈರಾ ಚಿಕ್ಕಮ್ಮ ನಾಳೆ ಅಲ್ಲಿಗೇ ಹೊರಟಿದ್ದಾರೆ, ಈ ಕಾಗದವನ್ನೂ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನೂ ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಹಾಕಿಕೊಳ್ಳಿ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡಿ. ಮಗ ಎಲ್ದಿಯಾರ ಚೆನ್ನಾಗಿದ್ದಾನೆ. ಮುಂದಿನ ಹಲ್ಲು ಅಲ್ಲಾಡುತ್ತಿದೆ, ಮುಟ್ಟಲು ಹೋದರೆ ಊರು ಕೇಳುವಂತೆ ಕಿರುಚುತ್ತಾನೆ. ಹಟದಲ್ಲಿ ಥೇಟ್ ನೀವೇ. ಕೆಂಪು ಹಸು ಹೆಣ್ಣುಕರು ಹಾಕಿತು.

ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಎಂದು ನಿಮಗೆ ಆಗಲೇ ಗಾಬರಿಯಾಗಿರುತ್ತದೆ. ಗಾಬರಿ ಪಡುವ ಸಂಗತಿಯೇ. ನಿಮ್ಮ ಅಮ್ಮನ ಕೊನೆಯ ಮಾತು ಇದ್ದ ಫೋನು ಕೆಟ್ಟಿತು. ಸರಿ ಮಾಡಲು ಹೋಗಿ ಆ ಮಾತನ್ನು ನಾನೇ ಅಳಿಸಿಬಿಟ್ಟೆ. ಇದನ್ನು ನಿಮಗೆ ಬಾಯಲ್ಲಿ ಹೇಳಲು ನನ್ನಿಂದಾಗಲಿಲ್ಲ. ನೀವು ಆ ಕಡೆಯಿಂದ ಏನೂ ಮಾತಾಡದೆ ಸುಮ್ಮನಾದರೆ ಎಂಬ ಹೆದರಿಕೆ. ನಾಲ್ಕು ದಿನದಿಂದ ನನಗೆ ಅನ್ನ ನೀರು ಸೇರುತ್ತಿಲ್ಲ.

ಹೋದ ಮೇ ತಿಂಗಳು ನಿಮಗೆ ನೆನಪಿದೆ. ನಿಮ್ಮ ಕಾಗದಪತ್ರ ಗುತ್ತಿಗೆದಾರನ ಹತ್ತಿರ ಸಿಕ್ಕಿಕೊಂಡು ನೀವು ಬರುವಂತಿರಲಿಲ್ಲ, ಇಲ್ಲಿ ಅಮ್ಮನಿಗೆ ಕಾಯುವಷ್ಟು ಉಸಿರು ಇರಲಿಲ್ಲ. ಚಿಕ್ಕ ಮಗನಿಗೆ ಹೇಳಬೇಕಾದ್ದಿದೆ, ಆ ಫೋನಿಗೇ ಹೇಳ್ತೀನಿ, ಇಡು ಅಂದರು. ನಾನು ದನಿ ಹಿಡಿಯುವ ಗುಂಡಿ ಒತ್ತಿ, ಫೋನನ್ನು ದಿಂಬಿನ ಪಕ್ಕ ಇಟ್ಟು ಹೊರಗೆ ಬಂದೆ. ಸಾಯುವವರ ಮಾತು ಯಾರಿಗೆ ಹೇಳಿದ್ದೋ ಅವರ ಸೊತ್ತು, ಸೊಸೆ ಕೂತು ಕೇಳುವುದಲ್ಲ. ಆಮೇಲೆ ನೀವೂ ಅಂದಿರಿ, ಕಳಿಸಬೇಡ, ವರ್ಷದ ಊಟಕ್ಕೆ ಬಂದಾಗ ಅವಳು ಮಲಗಿದ್ದ ಜಾಗದಲ್ಲೇ ಕೂತು ಕೇಳ್ತೀನಿ, ನಿನ್ನನ್ನೂ ಮಗನನ್ನೂ ಇಲ್ಲಿಗೆ ಕರೆಸಿಕೊಳ್ಳೋದೋ ಬೇಡವೋ ಅಮ್ಮ ಏನು ಹೇಳಿದ್ದಾಳೆ ನೋಡಿ ತೀರ್ಮಾನ ಮಾಡೋಣ ಅಂತ. ಹತ್ತು ತಿಂಗಳು ಅದನ್ನು ಮಗುವಿನ ಹಾಗೆ ಕಾಪಾಡಿದೆ. ಒಂದು ದಿನವೂ ತೆರೆದು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು, ಯಾಕೆ ಅಂತ ಹೇಳುತ್ತೇನೆ.

ಹೋದ ಶುಕ್ರವಾರ ಫೋನು ತಾನಾಗಿ ಆರಿತು. ಹಚ್ಚಿದರೆ ಕಂಪನಿಯ ಗುರುತು ಬರುವುದು, ಮಿನುಗುವುದು, ಆರುವುದು, ಮತ್ತೆ ಅದೇ ಗುರುತು. ಗಾಣದ ಎತ್ತು ಸುತ್ತಿದ ಹಾಗೆ. ಮಗನನ್ನು ನಿಮ್ಮ ಅಕ್ಕನ ಮನೆಯಲ್ಲಿ ಬಿಟ್ಟು ಸಂತೆಯಲ್ಲಿ ಫೋನು ರಿಪೇರಿ ಮಾಡುವ ಮೆಲಿಸ್ ಹತ್ತಿರ ಓಡಿದೆ. ಅವನು ಹಲ್ಲುಕಡ್ಡಿ ಕಚ್ಚಿಕೊಂಡೇ ನೋಡಿ, "ಹೆದರ್ಕೋಬೇಡಿ ಅಕ್ಕಾ, ಇದರ ಔಷಧಿ ಇದರ ಹೊಟ್ಟೇಲೇ ಇದೆ" ಅಂದ. ದನಿ ಏರಿಸುವ ಗುಂಡಿ, ಆನ್ ಮಾಡುವ ಗುಂಡಿ ಎರಡನ್ನೂ ಒಟ್ಟಿಗೆ ಹಿಡಿದ. ಕಪ್ಪು ಪರದೆಯ ಮೇಲೆ ಸಣ್ಣ ಅಕ್ಷರದ ಪಟ್ಟಿ ಬಂತು. ಮೊದಲು ಒಳಗೆ ಕೂಡಿಕೊಂಡ ಕಸವನ್ನಷ್ಟೇ ಗುಡಿಸುವ ಸಾಲು ಒತ್ತಿದ. ಮತ್ತೆ ಅದೇ ಗುರುತು. ಇನ್ನೊಂದು ಸಾಲು ಒತ್ತಿದ, ಅರ್ಧ ಗಂಟೆ ಏನೇನೋ ಎಣಿಸಿತು. ನಾನು ಅವನ ಮುರುಕು ಸ್ಟೂಲಿನ ಮೇಲೆ ಕೂತು ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸಿ ಮೊದಲಿನಿಂದ ಶುರು ಮಾಡಿದೆ. ಆಗಲೂ ಅದೇ ಗುರುತು.

ಉಳಿದದ್ದು ಒಂದೇ ಸಾಲು, ಎಲ್ಲವನ್ನೂ ಅಳಿಸಿ ಹೊಸದು ಮಾಡುವುದು. ಮೆಲಿಸ್ ಕೇಳಿದ, "ಆ ರೆಕಾರ್ಡಿಂಗ್ ಫೋನಲ್ಲಿದ್ಯಾ, ಕಾರ್ಡಲ್ಲಿದ್ಯಾ? ಕಾರ್ಡನ್ನ ಇದು ಮುಟ್ಟಲ್ಲ." ನೀವು ಹೋಗುವಾಗ ಸಣ್ಣ ಕಾರ್ಡು ಹಾಕಿ, ಇನ್ನು ಎಲ್ಲ ಇದರಲ್ಲೇ ಕೂತಿರುತ್ತೆ ಅಂದಿರಲ್ಲ, ಆ ಮಾತು ತಲೆಯಲ್ಲಿತ್ತು. ಕಾರ್ಡಲ್ಲಿ ಅಂದೆ. "ಕಣ್ಣಾರೆ ನೋಡಿದ್ದೀರಾ?" ಅಂದ. ಹೇಗೆ ನೋಡಿರಲಿ? ಕಾರ್ಡು ತೆಗೆದು ಬೇರೆ ಫೋನಿನಲ್ಲಿ ಹಾಕಿ ನೋಡೋಣ ಅಂತಲೂ ಅಂದ. ಅಷ್ಟು ಜನರ ನಡುವೆ ಅಮ್ಮನ ದನಿ ಎದ್ದುಬಿಟ್ಟರೆ ಎಂದು ನಾನೇ ಬೇಡ ಅಂದೆ. ಮರ್ಯಾದೆ ನೋಡಿ ನನ್ನದು. "ಹಾಗಾದ್ರೆ ನೀವೇ ಒತ್ತಿ, ನಾಳೆ ನನ್ನ ತಲೆಗೆ ಕಟ್ಟಬೇಡಿ" ಅಂದ. ಒತ್ತಿದೆ. ಫೋನು ಇನ್ನೊಮ್ಮೆ ಖಚಿತವೇ ಎಂದು ಕೇಳಿತು. ಹೌದು ಅಂದೆ.

ಫೋನು ಬದುಕಿತು. ಎಲ್ಲ ಭಾಷೆಗಳಲ್ಲೂ ಸ್ವಾಗತ ಹೇಳಿತು. ಕಾರ್ಡಿನಲ್ಲಿ ಇದ್ದದ್ದು ನಿಮ್ಮ ಕುದುರೆಯ ಹದಿನೇಳು ಫೋಟೋ, ನಮ್ಮ ಮದುವೆಯ ಅರ್ಧ ವಿಡಿಯೋ. ಅಮ್ಮ ಇರಲಿಲ್ಲ. ಮೆಲಿಸ್ ಇನ್ನೂ ಎರಡು ಗಂಟೆ ಹುಡುಕಿದ, ಕೊನೆಗೆ ನನ್ನ ಮುಖ ನೋಡದೆ ಟೀ ಬಗ್ಗಿಸಿ ಮುಂದಿಟ್ಟ. ಆ ಅಂಗಡಿಯಲ್ಲೇ ನಾನು ಗೊಳೋ ಎಂದು ಅತ್ತೆ. ಅಮ್ಮ ತೀರಿಕೊಂಡ ದಿನವೂ ಅಷ್ಟು ಅತ್ತಿರಲಿಲ್ಲ.

ನಿಮ್ಮ ಅಕ್ಕನಿಗೆ ಹೇಳಿದೆ. "ಅದರಲ್ಲೇನಿದೆ ಅಂತ ನಿಂಗೆ ಗೊತ್ತಿತ್ತು, ಅದಕ್ಕೇ ಅಳಿಸಿದೆ. ತಾಯಿಮನೆ ಒಲೆ ಕಾಯಬೇಕಾದೋನು ಚಿಕ್ಕ ಮಗ, ಅವನ ಹೆಂಡತಿ ಅದನ್ನ ಬಿಟ್ಟು ಹೋಗೋದನ್ನ ನಮ್ಮಮ್ಮ ಒಪ್ತಾಳಾ?" ಅಂದರು. ಊರಲ್ಲೂ ಆಗಲೇ ಅದೇ ಮಾತು. ಅಕ್ಕ ತಾಯಿಯನ್ನು ಕಳೆದುಕೊಂಡವರು, ಅವರನ್ನು ಬೈಯುವ ಮನಸ್ಸಿಲ್ಲ. ನೀವಾದರೂ ಹಾಗೆ ಅಂದುಕೊಳ್ಳಬೇಡಿ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ನನ್ನ ತಪ್ಪು ದಡ್ಡತನದ್ದು, ಕೆಟ್ಟತನದ್ದಲ್ಲ. ನೀವು ಬರುವ ದಿನ ಅಮ್ಮನ ಜಾಗದಲ್ಲಿ ಕೂತು ಏನು ಕೇಳುತ್ತೀರಿ?

ಆರೋಗ್ಯ ನೋಡಿಕೊಳ್ಳಿ. ಮಗ ಅಪ್ಪನಿಗೆ ಮುತ್ತು ಕಳಿಸಿದ್ದಾನೆ. ದೇವರು ನಿಮ್ಮನ್ನು ಕ್ಷೇಮವಾಗಿ ದಾರಿ ದಾಟಿಸಲಿ.

ನಿಮ್ಮ
ಕನಿಶಾಯ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದೆ. ಸೈರಾ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಚೀಲ ಕಟ್ಟು ಅನ್ನುತ್ತಿದ್ದಾರೆ. ಅವತ್ತು ಅಮ್ಮ ಫೋನಿಗೆ ಹೇಳಿ ಮುಗಿಸುವ ಮೊದಲೇ ಸಾರಿನ ಬಟ್ಟಲು ಹಿಡಿದು ಬಂದುಬಿಟ್ಟೆ, ಬಾಗಿಲ ಹೊರಗೇ ನಿಂತೆ, ಅಮ್ಮನ ಮಾತು ಕಿವಿಗೆ ಬಿತ್ತು. ಅದಕ್ಕೆ ಅವರ ದನಿಯೇ ಸಾಕ್ಷಿ ಇದೆ, ನೀವೇ ಕೇಳುತ್ತೀರಿ ಎಂದು ಸುಮ್ಮನಿದ್ದೆ. ಅವರು ಅಂದದ್ದು ಇದು: "ಮಗಾ, ನಿನ್ ಹೆಂಡ್ತಿ ಸೋಮಾರಿ. ಅವಳ ರೊಟ್ಟಿ ಎಸೆದ್ರೆ ನಾಯಿ ಸಾಯತ್ತೆ. ನನಗೆ ಎದುರು ಮಾತಾಡ್ತಾಳೆ, ನಿನ್ನನ್ನೂ ಬಿಡಲ್ಲ. ಆದ್ರೆ ನನ್ನ ಮೈ ತೊಳೆದೋಳು ಅವಳು, ನಾ ಹೆತ್ತ ಮಗಳು ತೊಳೀಲಿಲ್ಲ. ನನ್ನ ವರ್ಷ ಮುಗಿಸಿ ಮನೆಗೆ ಬೀಗ ಹಾಕು, ಇಬ್ಬರನ್ನೂ ಕರ್ಕೊಂಡು ಹೋಗು. ಗೋರಿಗೆ ಕಾವಲು ಬೇಡ." ಈಗ ಇದನ್ನು ಹೇಳಿದರೆ ನನ್ನ ಅನುಕೂಲಕ್ಕೆ ನಾನೇ ಕಟ್ಟಿದೆ ಎಂದು ಊರವರು ಅನ್ನುತ್ತಾರೆ. ನೀವೇ ಹೇಳಿ, ನಾನು ಕಟ್ಟಿದ್ದರೆ ಆ ರೊಟ್ಟಿಯ ಮಾತನ್ನು ಬಿಡುತ್ತಿರಲಿಲ್ಲವೇ?