ಹದಿಮೂರನೇ ಸರದಿ

ಬೆಟಗೇರಿ
ಸೋಮವಾರ, ೧೩ ಅಕ್ಟೋಬರ್ ೨೦೨೫

ಮೊಮ್ಮಗ ಶಾಕೀರನಿಗೆ ನಿನ್ನ ದಾದಾ ಮಲಂಗಸಾಬ ಮಾಡುವ ಸಲಾಮು, ದುವಾ.

ಹೇಗಿದ್ದೀ ಮಗನೇ? ಉಸಿರು ಕಟ್ಟುವುದು ಕಡಿಮೆಯಾಯಿತೇ? ಅಲ್ಲಿಯ ಗಂಜಿ ನಿನಗೆ ಸೇರುವುದಿಲ್ಲವೆಂದು ಗೊತ್ತು, ಆದರೂ ಕುಡಿ. ವಾರ್ಡಿನೊಳಗೆ ಫೋನು ಬಿಡುವುದಿಲ್ಲವಾದ್ದರಿಂದ ಈ ಕಾಗದವನ್ನು ನಿನ್ನ ಅಮ್ಮ ರೋಶನಬಿಯ ಕೈಯಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದೇನೆ. ಗುರುವಾರ ನಿನ್ನ ಹೃದಯದ ಕವಾಟದ ಆಪರೇಶನ್ ಮುಗಿಯುವವರೆಗೆ ನನಗೆ ಅನ್ನ ರುಚಿಸದು. ಡಾಕ್ಟರು "ನೂರಕ್ಕ ತೊಂಬತ್ತೇಳು ಮಂದಿ ಆರಾಮ ಆಗಿ ಮನಿಗೆ ಹೋಗ್ತಾರ್ರಿ, ಅಜ್ಜಾರ" ಎಂದರು. ನಾನು ಮನೆಗೆ ಬಂದು ಉಳಿದ ಮೂವರ ಬಗ್ಗೆಯೇ ಯೋಚಿಸುತ್ತ ಕೂತೆ.

ಈಗ ನಿನ್ನ ಡ್ರಾಫ್ಟಿನ ಸುದ್ದಿ. "ನನ್ನ ಬದಲಿ ನೀವ ಕುಂಡ್ರಿ ದಾದಾ, ಲಿಲಾವಿನ್ಯಾಗ ನಿಮಗಿಂತ ಶಾಣ್ಯಾ ಯಾರದಾರ?" ಎಂದು ನೀನು ಹೇಳಿ ಹೋದೆಯಲ್ಲ, ಆ ಮಾತಿಗೆ ಒಂದು ವಾರ ಕನ್ನಡಕ ಹಾಕಿಕೊಂಡು ಕೂತು ಅಭ್ಯಾಸ ಮಾಡಿದೆ. ನಿನ್ನ ಕ್ಲಾಸಿನ ಅಂಕಿತಾ ದಿನಾ ಸಂಜೆ ಬಂದು ಕಲಿಸಿಕೊಟ್ಟಳು. ಬಂಗಾರದಂಥ ಹುಡುಗಿ. ಹತ್ತು ಮಂದಿ ಗೆಳೆಯರು ಸರದಿಯ ಪ್ರಕಾರ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ತಮ್ಮ ತಮ್ಮ ಹೆಸರಿಗೆ ಆರಿಸಿಕೊಳ್ಳಬೇಕು, ಅವರು ಅಲ್ಲಿ ಆಡಿದಂತೆ ನಿಮಗೆ ಇಲ್ಲಿ ಅಂಕ. ಒಬ್ಬ ಆರಿಸಿದವನು ಇನ್ನೊಬ್ಬನಿಗೆ ಸಿಗುವುದಿಲ್ಲ. ಇಷ್ಟು ಬೇಗ ತಿಳಿಯಿತು. ಸರಾಸರಿ ಸ್ಥಾನದ ಪಟ್ಟಿಯೂ ತಿಳಿಯಿತು: ಸಾವಿರಾರು ಮಂದಿ ಇಂಥ ಆಟಗಳಲ್ಲಿ ಒಬ್ಬೊಬ್ಬ ಆಟಗಾರನನ್ನು ಎಷ್ಟನೇ ಸರದಿಗೆ ಆರಿಸಿದ್ದಾರೆ ಎಂಬುದರ ಲೆಕ್ಕ. ನಲವತ್ತು ವರ್ಷ ಎಪಿಎಂಸಿಯಲ್ಲಿ ಮೆಣಸಿನಕಾಯಿ ಲಿಲಾವು ಕೂಗಿದವನಿಗೆ ಇದನ್ನು ಹೇಳಿಕೊಡಬೇಕೇ? ಮಾಲು ಎಷ್ಟು ಒಳ್ಳೆಯದು ಎಂಬುದು ಒಂದು, ಎದುರಿಗೆ ನಿಂತವರು ಅದಕ್ಕೆ ಯಾವಾಗ ಕೈ ಎತ್ತುತ್ತಾರೆ ಎಂಬುದು ಇನ್ನೊಂದು.

ಒಂದು ಸುತ್ತು ಮುಗಿದರೆ ಮುಂದಿನ ಸುತ್ತು ಕೊನೆಯವನಿಂದ ಹಿಂದಕ್ಕೆ ತಿರುಗುತ್ತದೆ, ಹಾಗಾಗಿ ನಿನಗೆ ಬಂದದ್ದು ಎಂಟನೇ ಸರದಿ, ಆಮೇಲೆ ಹದಿಮೂರು, ಆಮೇಲೆ ಇಪ್ಪತ್ತೆಂಟು. ನಿನ್ನ ಪ್ರೀತಿಯ ಆ ಎಡಗೈ ಆಟಗಾರನ ಸರಾಸರಿ ಮೂವತ್ತೊಂದು. ಇಪ್ಪತ್ತೆಂಟರವರೆಗೆ ಕಾಯಬೇಕೆಂದು ನಾನೂ ಅಂಕಿತಾಳೂ ಗಟ್ಟಿ ಮಾಡಿಕೊಂಡಿದ್ದೆವು. ನಿನ್ನೆ ಮಧ್ಯಾಹ್ನ ಮೊಹಸಿನನ ಮನೆಯಲ್ಲಿ ಎಲ್ಲರೂ ಕೂತೆವು. ಎಂಟನೆಯದು ಸರಿಯಾಗಿಯೇ ಆಯಿತು. ಹದಿಮೂರು ಬಂತು, ಫೋನಿನ ಮೇಲೆ ಒಂದು ನಿಮಿಷದ ಗಡಿಯಾರ ಇಳಿಯತೊಡಗಿತು. ಈಗ ಬಿಟ್ಟರೆ ನಡುವೆ ಹದಿನಾಲ್ಕು ಸರದಿ. ಅಷ್ಟರಲ್ಲಿ ಯಾರಾದರೂ ಅವನನ್ನು ಎತ್ತಿಕೊಂಡರೆ? ಸರಾಸರಿ ಮೂವತ್ತೊಂದು ಎಂದರೆ ಯಾರೋ ಇಪ್ಪತ್ತಕ್ಕೂ ಒಯ್ದಿದ್ದಾರೆ ಎಂದಲ್ಲವೇ? ಅಂಕಿತಾ ಕಿವಿಯಲ್ಲಿ "ಈಗ ಬ್ಯಾಡ್ರಿ ದಾದಾ, ಇನ್ನೂ ಸಿಗ್ತಾನ್ರಿ" ಎನ್ನುತ್ತಲೇ ಇದ್ದಳು. ನಾನು ಅವನ ಹೆಸರನ್ನೇ ಒತ್ತಿಬಿಟ್ಟೆ.

ಎಲ್ಲರೂ ನಕ್ಕರು. ಹೊನ್ನೇಶ, ಯಾವಾಗಲೂ ನಿನ್ನ ಜೊತೆ ಜಗಳಾಡುವ ಅದೇ ಹೊನ್ನೇಶ, "ಆಗಲ್ರಿ ದಾದಾ, ತಪ್ಪಿ ಒತ್ತೀರಿ, ಮತ್ತೊಮ್ಮಿ ಆರಿಸ್ರಿ" ಎಂದ. ಬೇಡವೆಂದೆ. ತಪ್ಪಿ ಒತ್ತಿರಲಿಲ್ಲ, ಹೆದರಿ ಒತ್ತಿದ್ದೆ. ಅದರ ಬದಲು ಇನ್ನೂ ದೊಡ್ಡ ಆಟಗಾರನೊಬ್ಬ ಕೈತಪ್ಪಿ ಹೋದ, ನಿನ್ನ ತಂಡ ಸ್ವಲ್ಪ ಸೊರಗಿದೆ. ಬಂದಮೇಲೆ ಬೈಯುವಷ್ಟು ಬೈ.

ನಿನ್ನ ಅಮ್ಮ ಚೀಲ ತುಂಬುತ್ತಿದ್ದಾಳೆ, ಬಸ್ಸಿನ ಹೊತ್ತಾಯಿತು. ಅಲ್ಲಾಹ ನಿನ್ನ ಎದೆಗೆ ಬಲ ಕೊಡಲಿ.

ನಿನ್ನ
ದಾದಾ

ಮರೆತ ಮಾತು: ಡ್ರಾಫ್ಟ್ ಮುಗಿದಮೇಲೆ ಮೊಹಸಿನ ನನ್ನನ್ನು ಬಾಗಿಲ ಹೊರಗೆ ಕರೆದು, ವಾರ್ಡಿಗೆ ಹೋಗುವ ಮುಂಚೆ ನೀನು ಕಳಿಸಿದ ಮೆಸೇಜು ತೋರಿಸಿದ. "ನಾ ತಿರುಗಿ ಬರಲಿಲ್ಲಂದ್ರ ನನ್ನ ಟೀಮ್ ನೀನ ಇಟ್ಕೋ, ದಾದಾಗ ಹೇಳಬ್ಯಾಡ." ಹುಡುಗ ಒಂದು ವಾರದಿಂದ ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದಾನೆ. ನೀನು ನಗುನಗುತ್ತ ಹೋದೆಯೆಂದು ನಾನು ನಂಬಿದ್ದೆ, ನಿನ್ನ ಮುಂದೆ ನಾನೂ ನಗುತ್ತಿದ್ದೆ. ಶಾಕೀರಾ, ನನಗೂ ಬಹಳ ಹೆದರಿಕೆಯಾಗಿದೆ. ಬುಧವಾರ ಮುಂಜಾನೆಯ ಬಸ್ಸಿಗೆ ನಾನೇ ಬರುತ್ತೇನೆ. ಇನ್ನು ಮುಚ್ಚಿಡುವುದು ಬೇಡ, ಇಬ್ಬರೂ ಕೂಡಿ ಹೆದರೋಣ.