ಹಿತ್ತಲದ ಕಲ್ಲು

ಏನ್ರಿ,

ಸಂಪಗಾಂವಕ್ಕ ತಂಗಿ ಮನಿಗೆ ಹೊಂಟೇನಿ, ಐದರ ಬಸ್ಸಿಗೆ ಬರತೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಉಂಡ ಮ್ಯಾಲೆ ಮಾವಾರಿಗೆ ಬಿ.ಪಿ. ಗುಳಿಗಿ ಕೊಡ್ರಿ, ಮತ್ತ ಮರತಗಿರತೀರಿ. ನಿಮ್ಮ ಬೀಡಿ ಡಬ್ಬಿ ತೊಳದು ಬಾಯಾಗ ಹಾಕ್ಕೊಳ್ಳಾಕ ಬಡೇಸೋಪು ತುಂಬೇನಿ.

ಬೀಡಿ ಬಿಟ್ಟು ಎರಡ ತಿಂಗಳಾತು, ಕೆಮ್ಮೂ ನಿಂತೈತಿ. ಚಲೋ ಆತು. ಆದ್ರ ಇಪ್ಪತ್ತೆರಡ ವರ್ಷ ಮಾವಾರಿಗೆ ಕಾಣಬಾರದಂತ ದಿನಾ ಸಂಜಿಕ ಹಿತ್ತಲಕ್ಕ ಬಂದು ಸೇದತಿದ್ರಿ. ನಾ ಅಲ್ಲೇ ಭಾಂಡಿ ತಿಕ್ಕತಿದ್ನಿ. ನಾವಿಬ್ಬರ ಮಾತಾಡತಿದ್ದದ್ದು ಅಷ್ಟ ಹೊತ್ತು. ಈಗ ನೀವು ಪಡಸಾಲ್ಯಾಗ ಮಾವಾರ ಜೋಡಿ ಟಿ.ವಿ. ನೋಡಕೋತ ಕುಂದರತೀರಿ.

ಮುಂಜಾನಿ ಭಾಂಡಿ ಹಂಗ ಬಿಟ್ಟೇನಿ, ಸಂಜಿಕ ತಿಕ್ಕತೇನಿ. ನೀವು ಕುಂದರೋ ಕಲ್ಲೂ ತೊಳದೇನಿ. ಡಬ್ಬಿ ತಗೊಂಡು ಹಿತ್ತಲಕ್ಕ ಬರ್ರಿ. ಕೆಮ್ಮಿಲ್ಲದ ನಿಮ್ಮ ಮಾತು ನಾ ಇನ್ನೂ ಕೇಳೇ ಇಲ್ಲ.

ಸ್ನೇಹಲ್‌ನ ಅವ್ವ