ಎತ್ತಿನ ತಲೆ ಯಾರ ಪಾಲು

ಶೊಶಾಂಗ್
ಜೂನ್ 2, 1994

ಮಗಳೇ ಗೊಮೊಲೆಮೊ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಮೂರನೇ ತರಗತಿಗೇ ಸ್ಲೇಟು ಬಿಸಾಕಿ ಕರು ಕಾಯಲು ಹೋದವನು ನಾನು. ನಿನ್ನ ಅತ್ತೆ ಬೆಳಗಿನಿಂದ ಚಹಾ ಕೊಟ್ಟಿಲ್ಲ. "ಮೊದ್ಲು ಆ ಹುಡುಗಿಗೆ ಉತ್ತರ ಬರೀರಿ, ಆಮೇಲೆ ಸಕ್ಕರೆ ಡಬ್ಬಿ ತೆಗೀತೀನಿ" ಎಂದು ಅಡುಗೆಮನೆ ಬಾಗಿಲಿಗೆ ಅಡ್ಡ ಕೂತಿದ್ದಾಳೆ. ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತು, ಹೌದು. ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ನಾವು ಚೆನ್ನಾಗಿದ್ದೇವೆ. ಇಲ್ಲಿ ಚಳಿ ಬಿದ್ದಿದೆ. ಕೆಂಪು ಹಸು ಗಂಡುಕರು ಹಾಕಿದೆ. ನನ್ನ ಮಂಡಿ ಇದ್ದ ಹಾಗೇ ಇದೆ, ವಿಚಾರಿಸಬೇಡ.

ನಿಮ್ಮಮ್ಮ, ನನ್ನ ತಂಗಿ, ತೀರಿಕೊಂಡು ವರ್ಷ ತುಂಬಿದ ದಿನ, ನಿಮ್ಮಪ್ಪನ ಮೈಮೇಲಿನ ಸೂತಕದ ಕಪ್ಪು ಬಟ್ಟೆ ತೆಗೆಸಿದ ದಿನ, ನಾನು ತಟ್ಟೆ ಮುಟ್ಟದೆ ಎದ್ದುಹೋದೆನಲ್ಲ, ಅದು ಮಾಂಸ ಬೇಯದೆ ಒಳಗೆ ಕೆಂಪಗಿತ್ತು ಎಂಬ ಕಾರಣಕ್ಕೆ ಎಂದು ತಿಳಿದಿದ್ದೀಯ. ಅದಕ್ಕೇ ಎರಡು ಹಾಳೆ ತುಂಬ ಪಾಠ. ಎತ್ತಿನ ಚಿತ್ರ ಬರೆದು, ಮೈತುಂಬ ಗೆರೆ ಎಳೆದು, ಇದು ರಂಪ್, ಇದು ಸರ್ಲಾಯಿನ್, ಇದು ಟಿ-ಬೋನ್, ಇದರ ಒಳಗೆ ಅಡಗಿರುವುದು ಫಿಲೆಟ್ ಎಂದು ಬರೆದು ಕಳಿಸಿದ್ದೀಯ. ಗಾಬರೋನಿನ ಹೋಟೆಲಿನಲ್ಲಿ ಸ್ಟೇಕ್ ಸುಡುವ ಒಲೆಗೆ ನೀನೇ ಯಜಮಾನಿ ಅಂತ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆ ದಿನದ ಎತ್ತಿನ ಮಾಂಸವನ್ನೂ ನೀನೇ ಕಸಾಯಿಖಾನೆಯಿಂದ ತರಿಸಿ ಸುಟ್ಟೆ.

ಓದಿದೆ. ಎರಡು ಸಲ ಓದಿದೆ. ಬೆನ್ನಿಗೆ ದುಡಿಮೆ ಕಡಿಮೆ, ಅದಕ್ಕೆ ಅಲ್ಲಿಯ ಮಾಂಸ ಮೆತ್ತಗೆ. ಕಾಲು, ಕೊರಳು ದಿನವಿಡೀ ದುಡಿಯುತ್ತವೆ, ಅದಕ್ಕೆ ಗಟ್ಟಿ ಎನ್ನುತ್ತೀಯ. ಸರಿ. ಎಳೆ ಹೋದ ದಿಕ್ಕಿಗೆ ಕೊಯ್ಯಬಾರದು, ಅಡ್ಡಡ್ಡ ಕೊಯ್ಯಬೇಕು ಎಂದಿದ್ದೀಯಲ್ಲ, ಅದು ನನಗೆ ಗೊತ್ತಿರಲಿಲ್ಲ. ನಿನ್ನ ಅತ್ತೆ ಹಾಗೇ ಕೊಯ್ದು ಬೇಯಿಸಿದಳು. ಹಲ್ಲಿಗೆ ಸುಖವಾಯಿತು. ಆ ಮಟ್ಟಿಗೆ ನೀನು ಗೆದ್ದೆ.

ಆದರೆ ಎತ್ತಿನ ಮೈಮೇಲೆ ಗೆರೆ ಎಳೆದವಳು ನೀನೊಬ್ಬಳೇ ಅಲ್ಲ. ನಮ್ಮ ಮನೆಯ ಎತ್ತಿಗೂ ಗೆರೆಗಳಿವೆ. ನಿನ್ನ ತುಂಡುಗಳಿಗೆ ಮಾಂಸದ ಹೆಸರು, ನಮ್ಮವಕ್ಕೆ ಮನುಷ್ಯರ ಹೆಸರು. ಬೆನ್ನಿನ ಮೂಳೆ ಮಾಂಸದ ಸಮೇತ ಅಖಂಡವಾಗಿ ನಿಮ್ಮಪ್ಪನ ಅಕ್ಕನಿಗೆ ಹೋಗಬೇಕು. ನೀನು ಅದನ್ನು ಕಸಾಯಿಖಾನೆಯ ಗರಗಸಕ್ಕೆ ಬಿಟ್ಟು ಆಕೆಗೆ ನಾಲ್ಕು ಟಿ-ಬೋನ್ ಕಳಿಸಿದೆ. ಮುದುಕಿ ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಉಳಿದ ಬೆನ್ನು ಎಲ್ಲಿ? ಹಿಂದ್ಗಡೆ ನಡ್ಕೊಂಡು ಬರ್ತಿದ್ಯಾ?" ಎಂದು ಕೇಳಿದ್ದನ್ನು ನೀನು ಕೇಳಲಿಲ್ಲ. ಹೆಂಗಸರೆಲ್ಲ ನಕ್ಕರು. ಆಕೆ ನಗಲಿಲ್ಲ.

ತಲೆ ಸೋದರಮಾವನದು. ಕೆನ್ನೆಯ ಮೊದಲ ತುಂಡನ್ನು ಅವನೇ ಕೊಯ್ದು ಕೂತ ಗಂಡಸರಿಗೆ ಹಂಚಬೇಕು. ನಾನು ಚಾಕು ಮಸೆದು ತಂದಿದ್ದೆ. ಬೆಂಕಿಯ ಸುತ್ತ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಜೊತೆ ದನ ಕಾದ ಮೊಯಟ್ಲೈ ಸುಮ್ಮನಿರುವ ಜಾತಿಯಲ್ಲ. "ಏನೋ ಮೊತಿಬೇದಿ, ಈ ಎತ್ತಿಗೆ ತಲೆನೇ ಇರ್ಲಿಲ್ವಂತೆ! ಹುಟ್ಟಿದಾಗಿಂದ್ಲೂ ಹಂಗೇನಾ?" ಎಂದ.

ನಾನು ನಿನ್ನನ್ನು ಕರೆದು ಕೇಳಿದೆ. ನೀನು ಏನು ಹೇಳಿದೆ, ನೆನಪು ಮಾಡಿಕೋ.

"ಕಸಾಯಿಖಾನೆಯವ್ರು ತಲೆ ಕೊಡಲ್ಲ ಮಾವ, ಪೆಟ್ಟಿಗೇಲಿ ತುಂಡು ಮಾತ್ರ ಬರುತ್ತೆ. ನಿಮಗೇ ಅಂತ ಫಿಲೆಟ್ ಎತ್ತಿಟ್ಟಿದೀನಿ. ಇಡೀ ಎತ್ತಲ್ಲಿ ಇದಕ್ಕಿಂತ ಮೆತ್ತಗಿರೋದು ಇಲ್ಲ. ಮಂತ್ರಿ ಬಂದ್ರೂ ನಾವು ಇದನ್ನೇ ಕೊಡೋದು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ, ನಾನು ಕುರುಡನಲ್ಲ. ಆದರೆ ಮಂತ್ರಿ ನಿನಗೆ ಏನಾಗಬೇಕು? ಅವನು ತಿಂದು, ಬಾಯಿ ಒರೆಸಿಕೊಂಡು, ಕಾರು ಹತ್ತುತ್ತಾನೆ. ಬಂದು ಹೋಗುವವರಿಗೆ ಮೆತ್ತಗಿನದು ಕೊಡು. ಮನೆಯವನಿಗೆ ಅವನದನ್ನು ಕೊಡು.

ಈಗ ಮದುವೆ ಮಾತು. ಕಾನ್ಯೆ ಊರಿನ ಗಂಡಿನ ಕಡೆಯವರು ಇಪ್ಪತ್ತೈದನೇ ತಾರೀಖು ಶನಿವಾರ ನಿನ್ನನ್ನು ಕೇಳಲು ಮಹಾಲಾಪ್ಯೆಗೆ, ನಿಮ್ಮಪ್ಪನ ಮನೆಗೆ ಬರುತ್ತಾರೆ. ಹುಡುಗನ ಸೋದರಮಾವ ಕಳೆದ ವಾರ ಬಸ್ಸಿಳಿದು ನೇರ ನಮ್ಮ ಅಂಗಳಕ್ಕೇ ಬಂದಿದ್ದ. ಸ್ಟೂಲು ಕೊಟ್ಟರೂ ಕೂರಲಿಲ್ಲ.

"ಹುಡುಗಿ ಮಾವ ಮುನಿಸ್ಕೊಂಡಿದಾನೆ ಅಂತ ಸುದ್ದಿ. ನೀವು ಮಾತುಕತೆಗೆ ಕೂರ್ತೀರೋ ಇಲ್ವೋ? ನೀವಿಲ್ದಿದ್ರೆ ನಾವು ಯಾರನ್ನ ಕೇಳೋದು, ಗೋಡೇನಾ? ಗೇಟಿಂದ್ಲೇ ವಾಪಸ್ ಹೋಗ್ತೀವಿ."

ಅವರು ಹಳೆಯ ಕಾಲದ ಜನ, ಹೇಳಿದ ಹಾಗೆ ಮಾಡುತ್ತಾರೆ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವನು ಹೋದ ಮೇಲೆ ನಿನ್ನ ಅತ್ತೆ ಕಸಬರಿಕೆ ಹಿಡಿದುಕೊಂಡೇ ಬೈದಳು. "ಆ ಹುಡುಗಿ ಈ ಹುಡುಗನ್ನ ಬಿಟ್ಟು ಬೇರೆಯವನ ಕಡೆ ಕಣ್ಣೆತ್ತಿ ನೋಡಲ್ಲ. ನಿಮ್ಮ ಮೂಗಿನ ತುದೀಲಿರೋ ಕೋಪಕ್ಕೆ ಅವಳ ಬಾಳು ಸುಡ್ತೀರಾ?" ಎಂದಳು. ಇತ್ತ ನಿಮ್ಮ ದೊಡ್ಡಪ್ಪ ಸೆಬೆಗೊ, ಮೊತಿಬೇದಿ ಬರದಿದ್ದರೆ ಅವನ ಜಾಗದಲ್ಲಿ ತಾನೇ ಕೂರುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಅಪ್ಪನ ಅಣ್ಣ ಅಮ್ಮನ ಅಣ್ಣನ ಜಾಗದಲ್ಲಿ! ಕಾನ್ಯೆಯವರು ಅವನ ಮುಖಕ್ಕೇ ನಗುತ್ತಾರೆ, ಆಮೇಲೆ ನೀನು ಅಳುತ್ತೀಯ. ನಿನ್ನ ಮದುವೆ ನಿಲ್ಲಲಿ ಎಂಬ ಆಸೆ ನನಗಿಲ್ಲ. ಆದರೆ ಬರುತ್ತೇನೆ ಎಂದು ಇನ್ನೂ ಯಾರಿಗೂ ಹೇಳಿಲ್ಲ. ನಿನಗೂ ಈಗ ಹೇಳುತ್ತಿಲ್ಲ.

ಮೈ ಹುಷಾರು. ಒಲೆಯ ಮುಂದೆ ನಿಂತು ನಿಂತು ಕಾಲು ಬಾತುಕೊಳ್ಳುತ್ತದೆ ಎಂದಿದ್ದೆ, ಉಪ್ಪುನೀರಿನಲ್ಲಿ ಇಡು. ನಿನ್ನ ಕೈ ಸುಡದಿರಲಿ, ನಿನ್ನ ಮನೆಯಲ್ಲಿ ಹೊಗೆ ಏಳದ ದಿನ ಬಾರದಿರಲಿ. ನನ್ನ ತಂಗಿ ಕೆಲೆಬೊನ್ಯೆ ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ ಸೋದರಮಾವ
ಮೊತಿಬೇದಿ

ಮತ್ತೆ:

ಚಹಾ ಸಿಕ್ಕಿತು. ಆದರೂ ಪೆನ್ನು ಕೆಳಗಿಡಲು ಆಗುತ್ತಿಲ್ಲ. ತಲೆ ಇಲ್ಲ ಎಂಬುದಕ್ಕೆ ನಾನು ಎದ್ದುಹೋದದ್ದಲ್ಲ. ಅಷ್ಟೇ ಆಗಿದ್ದರೆ ನಿನಗೆ ನಾಲ್ಕು ಬೈದು, ಕೊಟ್ಟದ್ದನ್ನು ತಿಂದು ಬರುತ್ತಿದ್ದೆ. ನೀನು ಫಿಲೆಟ್ ತಂದಾಗ ಸೆಬೆಗೊ ಹೇಳಿದ: "ಕೆಲೆಬೊನ್ಯೆನೇ ಮಣ್ಣಾದ್ಮೇಲೆ ಇನ್ಯಾವ ಮಾವ? ಕೊಟ್ಟಿದ್ದು ತಿಂದು ಹೋಗ್ಲಿ ಬಿಡು." ಮೆಲ್ಲಗೇನೂ ಹೇಳಲಿಲ್ಲ. ನೀನು ನನ್ನ ತಟ್ಟೆ ಹಿಡಿದು ಅವನ ಪಕ್ಕದಲ್ಲೇ ನಿಂತಿದ್ದೆ. ನಾನು ಅವನನ್ನು ನೋಡಲಿಲ್ಲ, ನಿನ್ನ ಮುಖ ನೋಡಿದೆ. ನೀನು ತಲೆ ತಗ್ಗಿಸಿ, ತಟ್ಟೆಯ ಅಂಚಿಗೆ ಚೆಲ್ಲಿದ ರಸವನ್ನು ಬಟ್ಟೆಯಿಂದ ಒರೆಸಿದೆ.

ಆ ಮಾತು ನಿನಗೆ ಕೇಳಿಸಿತ್ತೋ, ಇಲ್ಲವೋ? ಅಷ್ಟು ಬರೆ. ಹದಿನೆಂಟನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.